ದ್ರಾಕ್ಷಿಗೆ ಗಿಳಿ ಕಾಟ: ಏರ್ ಗನ್ ತಗೋಬೇಕೋ, ಬಲೆ ಹಾಕಬೇಕೋ?

ಪ್ರಶ್ನೆ (ದ್ರಾಕ್ಷಿ ಬೆಳೆಗಾರರು, ತಿಕೋಟಾ):
ನಮಸ್ಕಾರ ಸರ್. ಮೂರು ಎಕರೆ ಥಾಮ್ಸನ್ ತಳಿ ದ್ರಾಕ್ಷಿ ಐತಿ, ವೈ (Y) ಆಕಾರದ ಚಪ್ಪರ. ಅಕ್ಟೋಬರ್ 10ಕ್ಕ ಚಾಟ್ನಿ (ಬಳ್ಳಿ ಸವರೋದು) ಆಗೇತಿ. ಕಾಯಿ ಮೆತ್ತಗಾಗಾಕ ಶುರುವಾದ್ರ ಗಿಳಿ ಹಿಂಡು ಬಿಡಂಗಿಲ್ಲ. ತಿನ್ನೋದಕ್ಕಿಂತ ಕಡದು ಕೆಡವೋದ ಜಾಸ್ತಿ. ಇಂಗ್ಲೆಂಡಿನ ವಿಡಿಯೊದಾಗ ಏರ್ ರೈಫಲ್ ಹಿಡದು ಪಾರಿವಾಳ, ಕಾಗಿ ಹೊಡಿತಾರ. ನಾವೂ ಒಂದು ತರಬೇಕಂತ ಮಾಡೇವಿ. ಲೈಸೆನ್ಸ್ ಬೇಕೇನ್ರಿ? ಯಾವುದು ತಗೋಬೇಕು?

ಉತ್ತರ (ಸಸ್ಯ ಸಂರಕ್ಷಣಾ ತಜ್ಞರು):
ಗನ್ ಇಟ್ಟುಕೊಳ್ಳೋದು ಬೇರೆ, ಅದರಿಂದ ಹಕ್ಕಿ ಹೊಡೆಯೋದು ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆ, 20 ಜೌಲ್ ಒಳಗಿನ ಶಕ್ತಿ ಇರುವ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತಿನ ಚೀಟಿ ನೋಡಿ ಬರೆದುಕೊಳ್ಳುತ್ತಾರೆ. 5.5 ಮಿ.ಮೀ. ನಳಿಗೆಯದಾದರೆ ಲೈಸೆನ್ಸ್ ಬೇಕು.

ಗಿಳಿ ಹೊಡೆಯೋದು ಮಾತ್ರ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲೋದಷ್ಟೇ ಅಲ್ಲ, ಗಾಯ ಮಾಡೋದು, ಉರುಲು ಹಾಕೋದು, ವಿಷ ಇಡೋದು, ಗೂಡು–ಮೊಟ್ಟೆ ಹಾಳು ಮಾಡೋದು, ಇವಕ್ಕೆ ಪ್ರಯತ್ನ ಪಡೋದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿ ಆದಮೇಲೆ ಗಿಳಿ ಆ ಕಾಯ್ದೆಯ ಎರಡನೇ ಪರಿಶಿಷ್ಟದಲ್ಲಿ (ರಕ್ಷಿತ ಜೀವಿಗಳ ಪಟ್ಟಿಯಲ್ಲಿ) ಇದೆ. ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. ಇಂಗ್ಲೆಂಡಿನಲ್ಲಿ ಬೆಳೆಗೆ ತೀವ್ರ ಹಾನಿ ಮಾಡುವ ಕೆಲವೇ ಜಾತಿಯ ಹಕ್ಕಿಗಳಿಗೆ ಸರ್ಕಾರವೇ ಷರತ್ತು ಹಾಕಿ ಸಾಮಾನ್ಯ ಪರವಾನಗಿ ಕೊಟ್ಟಿರುತ್ತದೆ. ಆ ವಿಡಿಯೊ ನೋಡಿ ಇಲ್ಲಿ ಗನ್ ಎತ್ತಿದರೆ ಕೇಸು ನಿಮ್ಮ ಮೇಲೆ ಬೀಳುತ್ತದೆ.

ಕಾನೂನು ಬದಿಗಿಟ್ಟರೂ ಇದು ದ್ರಾಕ್ಷಿ ತೋಟಕ್ಕೆ ಹೊಂದುವ ಸಾಧನವೇ ಅಲ್ಲ. ಪೆಲೆಟ್ (ಏರ್ ಗನ್ನಿನ ಗುಂಡು) ಚಪ್ಪರದ ತಂತಿಗೋ ಕಬ್ಬಿಣದ ಕಂಬಕ್ಕೋ ತಾಗಿದರೆ ಎತ್ತ ಸಿಡಿಯುತ್ತದೋ ಹೇಳಲಾಗದು, ಆಚೆ ಸಾಲಿನಲ್ಲಿ ಕೂಲಿಯವರು ಇರುತ್ತಾರೆ. ಡ್ರಿಪ್ ಪೈಪಿಗೆ ತೂತು ಬೀಳುತ್ತದೆ. ಪೆಲೆಟ್ ಸಾಮಾನ್ಯವಾಗಿ ಸೀಸದ್ದು, ಗೊಂಚಲಲ್ಲಿ ಸಿಕ್ಕಿಕೊಂಡರೆ ಹಣ್ಣಿನ ಜೊತೆ ಒಣದ್ರಾಕ್ಷಿ ಶೆಡ್ಡಿಗೇ ಹೋಗುತ್ತದೆ. ಇಷ್ಟಾದರೂ ಹಿಂಡು ಪಕ್ಕದ ತೋಟಕ್ಕೆ ಹಾರಿ, ನೀವು ಆ ಕಡೆ ತಿರುಗಿದ ಕೂಡಲೇ ವಾಪಸ್ ಬಂದಿರುತ್ತದೆ.

ಮರುಪ್ರಶ್ನೆ (ಅವರೇ):
ಹಂಗಾದ್ರ ಪೆಲೆಟ್ ಹಾಕದ ಬರೇ ಸಪ್ಪಳ ಮಾಡಿ ಓಡಸಬಹುದಲ್ರಿ?

ಉತ್ತರ:
ಬೇಡ. ಸ್ಪ್ರಿಂಗ್ ಗನ್ನಿನಲ್ಲಿ ಪೆಲೆಟ್ ತಡೆ ಇದ್ದಾಗ ಪಿಸ್ಟನ್ ಮುಂದೆ ಗಾಳಿ ಒತ್ತಿಕೊಂಡು ಅದರ ಪೆಟ್ಟನ್ನು ತಾಳುತ್ತದೆ. ಖಾಲಿ ಹೊಡೆದರೆ ಗಾಳಿ ಸರ್ರನೆ ಹೊರಟುಹೋಗಿ ಪಿಸ್ಟನ್ ನೇರ ಸಿಲಿಂಡರಿನ ತುದಿಗೆ ಬಡಿಯುತ್ತದೆ. ಮೊದಲು ಸೀಲ್ ಹರಿಯುತ್ತದೆ, ಆಮೇಲೆ ಸ್ಪ್ರಿಂಗ್ ಮುರಿಯುತ್ತದೆ. ಸಪ್ಪಳವೂ ಚಪ್ಪಾಳೆಗಿಂತ ಬಹಳ ದೊಡ್ಡದಲ್ಲ. ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಗನ್ ಕೂಡ ತರಬೇಡಿ. ಹೊತ್ತಲಿಲ್ಲವೆಂದು ಬಾಯೊಳಗೆ ಇಣುಕಿದ ಹೊತ್ತಿಗೇ ಅದು ಸಿಡಿದು ಕಣ್ಣು ಹೋಗುತ್ತದೆ.

ನಿಮ್ಮ ದುಡ್ಡು ಬಲೆಗೆ ಹೋಗಲಿ. ಅಕ್ಟೋಬರ್ 10ರ ಚಾಟ್ನಿಯಿಂದ 90 ದಿನಕ್ಕೆ, ಅಂದರೆ ಜನವರಿ 8ರ ಸುಮಾರು, ಕಾಯಿಗೆ ನೀರು ತುಂಬಿ ಮೆತ್ತಗಾಗತೊಡಗುತ್ತದೆ. ಬಲೆ ಡಿಸೆಂಬರ್ ಮುಗಿಯೋದರೊಳಗೆ ಮೇಲಿರಬೇಕು. ಒಮ್ಮೆ ರುಚಿ ಹತ್ತಿದ ಹಿಂಡು ಬಲೆ ಕಂಡರೂ ಸುತ್ತು ಹಾಕಿ ಸಂದಿ ಹುಡುಕುತ್ತದೆ.

ಮರುಪ್ರಶ್ನೆ (ದ್ರಾಕ್ಷಿ ಬೆಳೆಗಾರರು, ಅಥಣಿ):
ಸರ್, ಎಕರೆಗೆ ಬಲಿ ಎಷ್ಟು ಬೇಕಾಗ್ತೈತ್ರಿ? ನಮ್ಮಲ್ಲಿ ಬರೇ ಸುತ್ತ ಕಟ್ಟಿದ್ರು, ಗಿಳಿ ಮ್ಯಾಲಿಂದ ಇಳದ್ವು.

ಉತ್ತರ:
ಸುತ್ತ ಮಾತ್ರ ಕಟ್ಟಿದರೆ ಹಾಗೇ ಆಗೋದು, ಮೇಲೂ ಮುಚ್ಚಬೇಕು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಹೊಲ ಚೌಕವಾಗಿದ್ದರೆ ಸುತ್ತಳತೆ 255 ಮೀಟರ್ ಹತ್ತಿರ, ಎರಡೂವರೆ ಮೀಟರ್ ಎತ್ತರಕ್ಕೆ ಬದಿಗೆ 640 ಚದರ ಮೀಟರ್. ಜೋಡಣೆಗೆ, ಮಡಿಕೆಗೆ ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 5,150 ಚದರ ಮೀಟರ್ ಆಯಿತು. ಮೂರು ಎಕರೆ ಒಂದೇ ತುಂಡಾಗಿದ್ದರೆ ಬದಿಯ ಬಲೆ ಮೂರು ಪಟ್ಟು ಆಗದು, ಎರಡು ಪಟ್ಟಿನೊಳಗೇ ಮುಗಿಯುತ್ತದೆ. ಅಕ್ಕಪಕ್ಕದವರು ಸೇರಿ ಹಾಕಿದರೆ ಇದೇ ಲಾಭ.

ಗಿಳಿ, ಗೊರವಂಕಕ್ಕೆ 20 ಮಿ.ಮೀ. ಕಣ್ಣಿನ, ಬಿಸಿಲು ತಾಳುವ ಯು.ವಿ. ಬಲೆ ಸಾಕು. ಎಳೆ ದಪ್ಪ ಇರಲಿ, ತೆಳು ನೈಲಾನನ್ನು ಗಿಳಿ ಕೊಕ್ಕಿನಿಂದ ಕತ್ತರಿಸುತ್ತದೆ. ಕಣ್ಣಿಗೇ ಕಾಣದಷ್ಟು ತೆಳು ಬಲೆ ಮಾರುವವರಿದ್ದಾರೆ, ತಗೋಬೇಡಿ. ಅದು ಹಕ್ಕಿಯನ್ನು ತಡೆಯೋದಿಲ್ಲ, ಹಿಡಿಯುತ್ತದೆ. ಹಿಡಿದರೆ ಮೇಲೆ ಹೇಳಿದ ಕಾಯ್ದೆಯೇ ಬರುತ್ತದೆ.

ಬಲೆ ಎಲೆಯ ಮೇಲೆ ಮಲಗಬಾರದು. ಕುಡಿಬಳ್ಳಿ ಸುತ್ತಿಕೊಂಡರೆ ತೆಗೆಯುವಾಗ ಬಲೆಯೂ ಹರಿಯುತ್ತದೆ, ಕಡ್ಡಿಯೂ ಮುರಿಯುತ್ತದೆ. ಚಪ್ಪರದಿಂದ ಒಂದೂವರೆ ಅಡಿ ಮೇಲೆ ತಂತಿ ಎಳೆದು ಅದರ ಮೇಲೆ ಬಿಗಿಯಾಗಿ ಹಾಸಿ. ಪ್ರತಿ ಕಂಬದ ತಲೆಗೆ ಹಳೆಯ ಟ್ಯೂಬ್ ತುಂಡೋ, ಬೋರಲು ಹಾಕಿದ ಪ್ಲಾಸ್ಟಿಕ್ ಬಾಟಲಿಯೋ ತೊಡಿಸಿ. ಇಲ್ಲದಿದ್ದರೆ ಗಾಳಿಗೆ ಬಲೆ ಅಲ್ಲಾಡಿ ಅಲ್ಲಾಡಿ ಕಂಬದ ಚೂಪಿಗೆ ಉಜ್ಜಿ, ಮೊದಲ ತೂತು ಅಲ್ಲೇ ಬೀಳುತ್ತದೆ. ಎರಡು ಪಟ್ಟಿ ಸೇರುವಲ್ಲಿ ಬರೀ ಗಂಟು ಹಾಕದೆ ನೈಲಾನ್ ಹಗ್ಗದಿಂದ ಉದ್ದಕ್ಕೂ ಹೊಲಿಯಿರಿ. ಹೆಚ್ಚಾಗಿ ಸಂದಿ ಉಳಿಯೋದು ಸಾಲಿನ ತುದಿಯಲ್ಲಿ ಬಿಗಿತಂತಿ ನೆಲಕ್ಕೆ ಇಳಿಯುವ ಜಾಗದಲ್ಲಿ. ಅಲ್ಲಿ ಬಲೆಯನ್ನು ತಂತಿಗೆ ಸುತ್ತಿ ಕಟ್ಟಿ. ಕೆಳ ಅಂಚಿನ ಮೇಲೆ ಮಣ್ಣು ಎಳೆಯಿರಿ.

ದಿನಾ ಬೆಳಿಗ್ಗೆ ಒಂದು ಸುತ್ತು ನೋಡಿ. ಹಕ್ಕಿ ಸಿಕ್ಕಿದ್ದರೆ ಎಳೆಯಬೇಡಿ. ತಲೆ ಮೇಲೆ ಟವೆಲ್ ಹಾಕಿದರೆ ಸುಮ್ಮನಾಗುತ್ತದೆ, ಆಮೇಲೆ ಕತ್ತರಿಯಿಂದ ಎಳೆ ಕತ್ತರಿಸಿ ಬಿಡಿ. ರೆಕ್ಕೆಗೆ ಪೆಟ್ಟಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕಟಾವಾದ ಮೇಲೆ ಬಲೆಯನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ಇಲಿ ಕಡಿಯುತ್ತದೆ. ತೊಲೆಗೆ ತೂಗುಹಾಕಿ.

ಪ್ರಶ್ನೆ (ಜೋಳ ಬೆಳೆಗಾರರು, ಬಸವನ ಬಾಗೇವಾಡಿ):
ದ್ರಾಕ್ಷಿಯವರಿಗೆ ಬಲಿ ಸರಿ. ಹಿಂಗಾರಿ ಬಿಳಿಜೋಳಕ್ಕ ಅಷ್ಟು ರೊಕ್ಕ ಹಾಕಾಕ ಆಗಂಗಿಲ್ರಿ. ಸೀತನಿ (ಎಳೆ ತೆನಿ) ಹದಕ್ಕ ಬಂದ್ರ ಹಕ್ಕಿ ಮುತ್ತತಾವ.

ಉತ್ತರ:
ನಿಮ್ಮ ಮಾತು ನಿಜ, ಜೋಳಕ್ಕೆ ಬಲೆಯ ಖರ್ಚು ಗಿಟ್ಟದು. ಹಾಲುಗಾಳಿನಿಂದ ಕಾಳು ಗಟ್ಟಿಯಾಗುವ ತನಕ ಕಾವಲಿದ್ದರೆ ಬೆಳೆ ಉಳಿಯುತ್ತದೆ, ಹಾಗಾಗಿ ಬಲೆ ಬದಲು ಹೊಳೆಯುವ ರಿಬ್ಬನ್ ಕಟ್ಟಿ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣದ್ದು ತನ್ನಿ. ಉತ್ತರ–ದಕ್ಷಿಣವಾಗಿ ಹತ್ತು ಮೀಟರಿಗೊಂದು ಕೋಲು ನೆಟ್ಟು, ತೆನೆಗಿಂತ ಅರ್ಧ ಮೀಟರ್ ಮೇಲೆ, ಐದೈದು ಮೀಟರಿಗೊಂದು ಸಾಲು ಕಟ್ಟಿ. ಕಟ್ಟುವಾಗ ಎರಡು–ಮೂರು ಸಲ ತಿರುಚಿ. ತಿರುಚದಿದ್ದರೆ ಗಾಳಿಗೆ ಗುಂಯ್‌ಗುಡೋದಿಲ್ಲ, ಹೊಳಪೂ ಒಂದೇ ಕಡೆ ಬೀಳುತ್ತದೆ. ಬಿತ್ತಿದ ಕೂಡಲೇ ಕಟ್ಟಿದರೆ ತೆನೆ ಬರುವಷ್ಟರಲ್ಲಿ ಹಕ್ಕಿಗೆ ರೂಢಿಯಾಗಿರುತ್ತದೆ. ಅದಕ್ಕೆ ಹಾಲುಗಾಳು ಶುರುವಾದ ದಿನವೇ ಕಟ್ಟಿ.

ರಿಬ್ಬನ್ ಒಂದನ್ನೇ ನಂಬಬೇಡಿ. ಮಂಚಿಕೆ (ಕಾವಲಿನ ಅಟ್ಟ) ಹಾಕಿ ಸೂರ್ಯ ಹುಟ್ಟಿದ ಮೇಲೆ ಎರಡು ತಾಸು, ಮುಳುಗುವ ಮುಂಚೆ ಎರಡು ತಾಸು ಆಳು ಇರಲಿ, ತಮಟೆಯೋ ಡಬ್ಬಿಯೋ ಬಾರಿಸಲಿ. ಹಕ್ಕಿ ಹೆಚ್ಚು ಮೇಯೋದು ಆ ಹೊತ್ತಿಗೇ. ಕವಣೆಕಲ್ಲು ಬೀಸಿದರೂ ಹಕ್ಕಿಯ ಮೇಲೆ ಗುರಿ ಇಡಬೇಡಿ. ಇನ್ನೊಂದು: ಊರಲ್ಲಿ ನಿಮ್ಮದೊಂದೇ ಹೊಲ ಮುಂಚೆ ಹದಕ್ಕೆ ಬಂದರೆ ಎಲ್ಲ ಹಿಂಡೂ ಅಲ್ಲೇ ಇಳಿಯುತ್ತದೆ. ಅಕ್ಕಪಕ್ಕದವರು ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ. ಗುಲಾಬಿ ಕಬ್ಬಕ್ಕಿಗಳು ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುತ್ತವೆ. ಜೋಳ ತಿಂದರೂ ಮಿಡತೆ, ಕಾಯಿಕೊರಕ ಹುಳುಗಳನ್ನೂ ತಿನ್ನುತ್ತವೆ. ಅದಕ್ಕೇ ತೆನೆ ಇರುವಷ್ಟು ದಿನ ಮಾತ್ರ ಅವನ್ನು ದೂರ ಇಟ್ಟರೆ ಸಾಕು.

ಮರುಪ್ರಶ್ನೆ (ಬೀಳಗಿ):
ಶೇಂಗಾಕ್ಕ ನವಿಲು ಬರತಾವ. ಕಾಳಿಗೆ ಔಷಧ ಕಲಸಿ ಇಡ್ರಿ ಅಂತಾರ ಮಂದಿ.

ಉತ್ತರ:
ಖಂಡಿತ ಬೇಡ. ನವಿಲು ಮೊದಲನೇ ಪರಿಶಿಷ್ಟದಲ್ಲಿದೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಆ ಕಾಳನ್ನು ನಿಮ್ಮ ಮನೆ ಕೋಳಿಯೂ ತಿನ್ನುತ್ತದೆ, ಸತ್ತದ್ದನ್ನು ತಿಂದ ನಾಯಿಯೂ ಸಾಯುತ್ತದೆ. ನವಿಲು ಬಹುತೇಕ ನಡೆದೇ ಹೊಲಕ್ಕೆ ಇಳಿಯುತ್ತದೆ. ಅದು ಬರುವ ಬದುವಿನ ಕಡೆ ಐದಡಿ ಎತ್ತರಕ್ಕೆ ಹಳೆಯ ಸೀರೆ ಬಿಗಿಯಾಗಿ ಕಟ್ಟಿ, ಬೆಳಿಗ್ಗೆ ಸಂಜೆ ಆ ಬದಿಯಲ್ಲೇ ಒಬ್ಬರು ನಿಲ್ಲಲಿ. ಬಿತ್ತಿದ ಬೀಜ ಮಣ್ಣಿನ ಮೇಲೆ ಕಾಣದಂತೆ ಮುಚ್ಚಿ, ಮೊಳಕೆ ಬರುವ ತನಕ ಕಾವಲು ತಪ್ಪಿಸಬೇಡಿ.