ಪಾಕೆಟ್ ಆ್ಯಪ್ ಮುಚ್ಚಿತಲ್ಲ, ಉಳಿಸಿಟ್ಟ ಲೇಖನ ಓದೋಕೆ ಈಗ ಏನು ಬಳಸ್ತಿದ್ದೀರಿ?

ಹೇಮಾವತಿ_ದಂಡೆ:
ಹತ್ತು ವರ್ಷದಲ್ಲಿ ಸೇರಿಸಿದ 1,900 ಲಿಂಕ್‌ಗಳ ಸಿಎಸ್‌ವಿ ಫೈಲ್ (ಪಾಕೆಟ್‌ನಿಂದ ಇಳಿಸಿಕೊಂಡ ಪಟ್ಟಿ) ನನ್ನ ಹತ್ತಿರ ಇದೆ. ಅರ್ಧಕ್ಕರ್ಧ ಕನ್ನಡ. ಹಾಸನದಿಂದ ಮಂಗಳೂರಿಗೆ ರೈಲಲ್ಲಿ ಹೋಗುವಾಗ ಓದುವ ರೂಢಿ, ಸಕಲೇಶಪುರ ದಾಟಿದರೆ ಸಿಗ್ನಲ್ ಸಿಗಲ್ಲ. ಆಂಡ್ರಾಯ್ಡ್ ಫೋನ್. ವರ್ಷಕ್ಕೆ ಸಾವಿರ ರೂಪಾಯಿವರೆಗೆ ಕೊಡಬಲ್ಲೆ. ಅನುಭವ ಇದ್ದವರು ಹೇಳಿ.

ಬಾಳೆಹೊಳೆ:
ಪಾಕೆಟ್‌ಗೆ ರೀಡ್ ಇಟ್ ಲೇಟರ್ ಅಂತ ಹೆಸರಿದ್ದಾಗಿನಿಂದ ಬಳಸಿದವನು ನಾನು. 2012ರಲ್ಲಿ ಪಾಕೆಟ್ ಆಯಿತು. 2017ರಲ್ಲಿ ಫೈರ್‌ಫಾಕ್ಸ್‌ನ ಮೊಜಿಲ್ಲಾ ಕೊಂಡಾಗ ಇನ್ನು ಚಿಂತೆಯಿಲ್ಲ ಅಂದುಕೊಂಡೆ. 2025ರ ಜುಲೈ 8ಕ್ಕೆ ಬಾಗಿಲು ಹಾಕಿದರು.

ಸಿಎಸ್‌ವಿ ತೆರೆದರೆ ಶೀರ್ಷಿಕೆ, ಲಿಂಕ್, ಸೇರಿಸಿದ ದಿನ, ಟ್ಯಾಗ್. ಲೇಖನದ ಒಂದು ಸಾಲೂ ಇಲ್ಲ. ನನ್ನವು 3,140 ಇದ್ದವು. ನಾಲ್ಕು ಭಾನುವಾರ ಕೂತು ಒಂದೊಂದನ್ನೇ ಒತ್ತಿದೆ. 870 ಸತ್ತಿದ್ದವು. ಅದರಲ್ಲಿ 310 ಹಳೇ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕವು, 560 ಹೋದವು. ನಮ್ಮಪ್ಪ ಕೆಲಸ ಮಾಡಿದ ಅಡಿಕೆ ಸೊಸೈಟಿ ಬಗ್ಗೆ ಒಂದು ಸಣ್ಣ ಪತ್ರಿಕೆ ಬರೆದಿತ್ತು, ಅಪ್ಪನ ಫೋಟೋ ಇದ್ದದ್ದು ಅದೊಂದರಲ್ಲೇ. ಆ ಪತ್ರಿಕೆಯೂ ಇಲ್ಲ, ಲೇಖನವೂ ಇಲ್ಲ. ಯಾವ ಆ್ಯಪ್ ಅಂತ ಆಮೇಲೆ ನೋಡಿ, ಮೊದಲು ಇವತ್ತೇ ಕೂತು ಲಿಂಕ್ ಒತ್ತಿ.

ಶಾಲ್ಮಲಾ:
ಬ್ಯಾರೇದವರ ಮನ್ಯಾಗ ನಮ್ಮ ಪೆಟ್ಟಿಗೆ ಇಟ್ಟರ ಹಿಂಗ ಆಗೂದು. ನಾ ಪಾಕೆಟ್‌ನಂಥದ್ದ ಇನ್ನೊಂದು ಆ್ಯಪ್, ಓಮ್ನಿವೋರ್‌ನಾಗ ಇದ್ದೆ. ಅದರ ತಂಡ ಇಲೆವೆನ್‌ಲ್ಯಾಬ್ಸ್ ಕಂಪನಿ ಸೇರಿತು, 2024ರ ನವೆಂಬರಿಗೆ ಮುಚ್ಚಿತು. ಅವತ್ತಿನಿಂದ ವಾಲಾಬ್ಯಾಗ್, ನಮ್ಮ ಸರ್ವರ್‌ನಾಗ ನಾವ ಹಾಕ್ಕೊಳ್ಳೂ ಅಂಥದ್ದ ತಂತ್ರಾಂಶ; ಸರ್ವರ್ ನಂದ. ತಿಂಗಳಿಗೆ 450 ರೂಪಾಯಿ ಬಾಡಿಗಿ, ಹದಿನಾಲ್ಕು ತಿಂಗಳಿಗೆ 6,300 ಆತು. ಆರನೇ ತಿಂಗಳಿಗೆ ಡಿಸ್ಕ್ ತುಂಬಿ ನಿಂತಿತು. ಒಮ್ಮೆ ಅಪ್‌ಡೇಟ್ ಮಾಡುವಾಗ ಬ್ಯಾಕಪ್ ತಗೊಂಡಿರಲಿಲ್ಲ, ಡೇಟಾಬೇಸ್ ಕೆಟ್ಟು ಎರಡು ರಾತ್ರಿ ನಿದ್ದಿ ಇಲ್ಲ, 90 ಲೇಖನ ಹೋದವು. ತಪ್ಪು ನಂದ. ಆದರ ಲೇಖನದ ಪೂರ್ತಿ ಪಠ್ಯ ನನ್ನ ಕೈಯಾಗ ಅದ. ಬೇಕಾದ್ದನ್ನ ಇಪಬ್ (ಇ-ಪುಸ್ತಕ) ಮಾಡಿ ಫೋನಿಗೆ ಹಾಕ್ಕೋತೀನಿ. ಯಾರೂ ಬಂದು ಮುಚ್ಚತೀವಿ ಅನ್ನಂಗಿಲ್ಲ.

ಜಯನಗರ_ಓದುಗಿ:
ಎರಡು ರಾತ್ರಿ ನಿದ್ದೆಗೆಟ್ಟು ಓದುವ ಹಾಗಿದ್ದರೆ ಓದೋದೇ ಬೇಡ. ನಾನು ಇನ್‌ಸ್ಟಾಪೇಪರ್ ಆ್ಯಪ್‌ನಲ್ಲೇ ಇದ್ದೇನೆ, ಅದೂ ಪಾಕೆಟ್‌ನಂಥದ್ದೇ. 2008ರಲ್ಲಿ ಮಾರ್ಕೊ ಆರ್ಮೆಂಟ್ ಒಬ್ಬರೇ ಮಾಡಿದ್ದು. 2013ರಲ್ಲಿ ಬೀಟಾವರ್ಕ್ಸ್ ಕಂಪನಿಗೆ ಹೋಯಿತು, 2016ರಲ್ಲಿ ಪಿಂಟರೆಸ್ಟ್‌ಗೆ, 2018ರಲ್ಲಿ ಮತ್ತೆ ಸ್ವತಂತ್ರವಾಯಿತು. ಮೂರು ಕೈ ಬದಲಾದರೂ ಉಳಿದಿದೆ. ಪ್ರೀಮಿಯಂಗೆ ದುಡ್ಡು ಕಟ್ಟುತ್ತೇನೆ, ವರ್ಷಕ್ಕೆ ಸಾವಿರಕ್ಕಿಂತ ಬಹಳ ಹೆಚ್ಚು. ಮನೆಯವರು ಕೇಳಿದರು, ಇಷ್ಟು ಯಾಕೆ ಅಂತ. ದಿನಾ ರಾತ್ರಿ ಒಂದು ಗಂಟೆ ಓದುತ್ತೇನೆ, ಎರಡು ವಾರಪತ್ರಿಕೆ ನಿಲ್ಲಿಸಿ ಇದಕ್ಕೆ ಕೊಡುತ್ತಿದ್ದೇನೆ. ದುಡ್ಡು ಕೊಟ್ಟವರಿದ್ದರೆ ಮಾತ್ರ ಇಂಥವು ಬದುಕುತ್ತವೆ.

ಬಾಳೆಹೊಳೆ:
ಇದು ಸುಳ್ಳು. ಪಾಕೆಟ್‌ಗೂ ಪ್ರೀಮಿಯಂ ಇತ್ತು, ಜನ ದುಡ್ಡು ಕೊಟ್ಟಿದ್ದರು. ವರ್ಷದ ಚಂದಾದಲ್ಲಿ ಉಳಿದ ದುಡ್ಡು ವಾಪಸ್ ಬಂತು. ಲೇಖನ ವಾಪಸ್ ಬಂತಾ?

ಜಯನಗರ_ಓದುಗಿ:
ಸುಳ್ಳು ಅನ್ನೋ ಮಾತು ಬೇಡ ಸರ್. ನಿಮ್ಮ ನೋವು ಅರ್ಥ ಆಗುತ್ತೆ, ಅದಕ್ಕೆ ನಾನು ಕಾರಣ ಅಲ್ಲ. ಹದಿನೈದು ವರ್ಷ ಬರೀ ಲಿಂಕ್ ಒತ್ತಿ ಇಟ್ಟು, ಒಂದು ಪ್ರತಿಯನ್ನೂ ತೆಗೆದಿಟ್ಟುಕೊಳ್ಳದೆ ಕೂತವರು ನೀವು.

ಶಾಲ್ಮಲಾ:
ಅಕ್ಕಾರ, ಅವರ ಅಪ್ಪಾರ ಫೋಟೋ ಹೋಗೇದ. ಸ್ವಲ್ಪ ನೋಡಿ ಮಾತಾಡ್ರಿ.

ನಿವೃತ್ತ_ಮೇಷ್ಟ್ರು:
ಜಗಳ ಬೇಡಿ. ನಾನು ಯಾವ ಆ್ಯಪ್‌ನ್ನೂ ನಂಬಲಿಲ್ಲ. 2003ರಿಂದ ಪುಟವನ್ನೇ ಕಂಪ್ಯೂಟರಿನಲ್ಲಿ ಸೇವ್ ಮಾಡುತ್ತೇನೆ, ಈಗ ಸಿಂಗಲ್‌ಫೈಲ್ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದೇನೆ, ಚಿತ್ರ ಸಮೇತ ಒಂದೇ ಎಚ್‌ಟಿಎಂಎಲ್ ಫೈಲ್ ಆಗುತ್ತದೆ. ಮುಖ್ಯವಾದದ್ದನ್ನು ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸುತ್ತೇನೆ, ಹದಿನೇಳು ಫೈಲು ತುಂಬಿವೆ.

ಒಂದೇ ಕೊರಗು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಬರುವ ಮುಂಚಿನ ಕನ್ನಡ ಪುಟಗಳು ಆಯಾ ತಾಣದ ಫಾಂಟ್‌ನಲ್ಲಿದ್ದವು. ಈಗ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಏನೇನೋ. ಇನ್ನೂರಕ್ಕೂ ಹೆಚ್ಚು ಫೈಲ್ ಹಾಗಿವೆ. ಹಾಗಾಗಿ ಇಂದಿಗೂ ಎಲ್ಲವನ್ನೂ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಫಾಂಟ್‌ನಲ್ಲೇ ಬರೆದಿಡುತ್ತೇನೆ, ಅದಾದರೂ ನನಗೆ ತೆರೆಯುತ್ತದೆ.

ಬಾಳೆಹೊಳೆ:
ಮೇಷ್ಟ್ರೇ, ಫಾಂಟ್‌ನಿಂದ ಕೆಟ್ಟದ್ದನ್ನು ಕಂಡೂ ಮತ್ತೆ ಹಳೇ ಎನ್‌ಕೋಡಿಂಗ್‌ನಲ್ಲೇ ಬರೆದಿಡೋದಾ? ಇನ್ನು ಹತ್ತು ವರ್ಷಕ್ಕೆ ನಿಮ್ಮ ಮೊಮ್ಮಕ್ಕಳು ತೆರೆದರೆ ಅದೇ ಗೋಳು. ಹುಡುಕಿದರೆ ಒಂದು ಪದವೂ ಸಿಗಲ್ಲ.

ನಿವೃತ್ತ_ಮೇಷ್ಟ್ರು:
ನನ್ನ ಕೈಗೆ ಆ ಕೀಲಿಮಣೆ ಕೂತಿದೆ. ಇಪ್ಪತ್ತು ವರ್ಷ ಟೈಪ್ ಮಾಡಿದ್ದೇನೆ, ಈ ವಯಸ್ಸಿಗೆ ಹೊಸದು ಕಲಿ ಅನ್ನಬೇಡಿ.

ಶಾಲ್ಮಲಾ:
ಕೀಲಿಮಣಿ ಬದಲಿ ಮಾಡೂದು ಬ್ಯಾಡ ಸರ್. ನುಡಿಯೊಳಗನ ಯೂನಿಕೋಡ್ ಆರಿಸಿದರ ಅದೇ ಕೀಲಿ, ಅದೇ ಬೆರಳು.

ಹೇಮಾವತಿ_ದಂಡೆ:
ಇನ್‌ಸ್ಟಾಪೇಪರ್‌ನ ಉಚಿತ ಖಾತೆಗೆ ಸಿಎಸ್‌ವಿ ಹಾಕಿದೆ, ಲಿಂಕ್‌ಗಳು ಬಂದವು. ಬಾಳೆಹೊಳೆಯವರೇ, ನೀವು ಹೇಳಿದ ಹಾಗೆ ಒತ್ತುತ್ತಾ ಕೂತಿದ್ದೇನೆ. ಮೊದಲ ನೂರರಲ್ಲೇ 31 ಇಲ್ಲ.

ಬಾಳೆಹೊಳೆ:
ಅವನ್ನು ವೇಬ್ಯಾಕ್‌ನಲ್ಲೂ ಒಮ್ಮೆ ಹುಡುಕಿ. ನನಗೆ ಸುಮಾರು ಹಾಗೇ ಸಿಕ್ಕವು. ಮೇಷ್ಟ್ರೇ, ಆ ಇನ್ನೂರು ಫೈಲಿನಲ್ಲಿ 2008ರ ಸುಮಾರಿನ ಅಡಿಕೆ ಸೊಸೈಟಿ ಲೇಖನ ಏನಾದರೂ ಇದೆಯಾ?

ನಿವೃತ್ತ_ಮೇಷ್ಟ್ರು:
ಪ್ರಿಂಟ್ ತೆಗೆಸಿದ್ದರಲ್ಲಿ ಕೃಷಿಯದ್ದು ಎರಡು ಫೈಲು ಇವೆ. ಯಾವ ತಾಲೂಕು ಹೇಳಿ, ಸಂಜೆ ಇಳಿಸಿ ನೋಡುತ್ತೇನೆ.