ಪ್ಯಾರಿಸ್‌ನಿಂದ ಇಂಟರ್‌ಲಾಕೆನ್‌ಗೆ ಹೋಗುವಾಗ ನಡುವಿನ ಒಂದು ರಾತ್ರಿ ಎಲ್ಲಿ ಇಳಿಯೋಣ?

ಬ್ಯಾಗ್‌ಹೊತ್ತವಳು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಾವ ಯೂರೋಪಿಗೆ ಹೊರಟಿದ್ದೇವೆ. ಪ್ಯಾರಿಸ್‌ನಲ್ಲಿ 4 ರಾತ್ರಿ, ಇಂಟರ್‌ಲಾಕೆನ್‌ನಲ್ಲಿ 4 ರಾತ್ರಿ. ಶುಕ್ರವಾರ ಜ್ಯೂರಿಕ್‌ನಿಂದ ವಾಪಸ್ ವಿಮಾನ. ನಡುವೆ ಭಾನುವಾರದ ರಾತ್ರಿ ಒಂದು ಖಾಲಿ ಉಳಿದಿದೆ. ರೈಲಿನಲ್ಲೇ ಹೋಗುವುದು ಅಂತ ತೀರ್ಮಾನ ಆಗಿದೆ.

ಸ್ಟ್ರಾಸ್‌ಬರ್ಗ್, ಕೋಲ್ಮಾರ್, ಬಾಸೆಲ್, ಈ ಮೂರರಲ್ಲಿ ಎಲ್ಲಿ ಇಳಿದರೆ ಒಳ್ಳೆಯದು? ಯಜಮಾನರು ಬಾಸೆಲ್ ಅಂತಾರೆ, ಸ್ವಿಸ್ ಒಳಗೆ ಹೋಗಿಬಿಟ್ಟರೆ ನಿಶ್ಚಿಂತೆ ಅಂತ. ಮಾವನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಜೊತೆಗೆ ನಾಲ್ಕು ದೊಡ್ಡ ಸೂಟ್‌ಕೇಸ್. ವೀಸಾಗೆ ಫ್ರಾನ್ಸ್ ಕಡೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಾಗಿದೆ.

ನೇರದಾರಿ:
ಇಳಿಯಲೇಬೇಕಾ? ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್‌ನಿಂದ ಬಾಸೆಲ್‌ಗೆ ಟಿಜಿವಿ ಲಿರಿಯಾ ಅನ್ನುವ ವೇಗದ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಇಂಟರ್‌ಲಾಕೆನ್ ಇನ್ನೆರಡು ಗಂಟೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ಬೆಟ್ಟ ಕಾಣುತ್ತದೆ. ಆ ರಾತ್ರಿಯನ್ನೂ ಇಂಟರ್‌ಲಾಕೆನ್‌ಗೇ ಸೇರಿಸಿ. ಒಂದು ದಿನ ಮೋಡ ಮುಚ್ಚಿಕೊಂಡರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ಒಂದೇ ರಾತ್ರಿಗೋಸ್ಕರ ನಾಲ್ಕು ಸೂಟ್‌ಕೇಸ್ ಬಿಚ್ಚಿ ಕಟ್ಟುವ ಗೋಳು ಯಾರಿಗೆ ಬೇಕು!

ಕಿಟಕಿಪಕ್ಕ:
ಮೋಡದ ಮಾತು ನಿಜ. ಆದರೆ ನೇರದಾರಿ ಅವರೇ, ವೀಸಾ ಲೆಕ್ಕ ನೋಡಿದಿರಾ? ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯೂರೋಪ್ ದೇಶಗಳಲ್ಲಿ, ಜಾಸ್ತಿ ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಈಗ ಇವರದ್ದು ನಾಲ್ಕು-ನಾಲ್ಕು, ಮೊದಲು ಇಳಿಯುವುದು ಫ್ರಾನ್ಸ್‌ನಲ್ಲಿ, ಆದ್ದರಿಂದ ಸರಿಯಾಗಿದೆ. ಆ ಖಾಲಿ ರಾತ್ರಿ ಬಾಸೆಲ್‌ಗೋ ಇಂಟರ್‌ಲಾಕೆನ್‌ಗೋ ಹೋದರೆ ಸ್ವಿಟ್ಜರ್‌ಲೆಂಡ್ ಐದಾಯಿತು. ಆಮೇಲೆ ಫ್ರಾನ್ಸ್‌ನವರು "ನಮ್ಮ ಹತ್ತಿರ ಯಾಕೆ ಬಂದಿರಿ" ಅಂತ ಕೇಳಿದರೆ ಉತ್ತರ ಏನು? ಒಂದು ರಾತ್ರಿಗೋಸ್ಕರ ಅಪಾಯಿಂಟ್‌ಮೆಂಟ್ ಬದಲಾಯಿಸುವುದು ಬೇಡ. ಯಜಮಾನರಿಗೆ ಹೇಳಿ, ಬಾಸೆಲ್ ಮಾತು ಇಲ್ಲಿಗೆ ಬಿಡಿ.

ಇನ್ನು ಸ್ಟ್ರಾಸ್‌ಬರ್ಗ್ ಮತ್ತು ಕೋಲ್ಮಾರ್, ಎರಡೂ ಫ್ರಾನ್ಸ್‌ನೊಳಗೇ ಇವೆ. ನನ್ನ ಓಟು ಸ್ಟ್ರಾಸ್‌ಬರ್ಗ್‌ಗೆ, ಅದೂ ಊರಿನ ಚಂದಕ್ಕಿಂತ ರೈಲಿನ ಕಾರಣಕ್ಕೆ. ನಡುವೆ ಇಳಿಯುವ ಊರನ್ನು ಆರಿಸುವಾಗ ಎಲ್ಲರೂ ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ. ನಾನು ಮೊದಲು ನೋಡುವುದು, ಅಲ್ಲಿಂದ ಮುಂದೆ ಹತ್ತುವ ರೈಲು ಎಂಥದ್ದು ಅಂತ. ಟಿಜಿವಿಗೆ ಸೀಟು ಕಾದಿರಿಸಲೇಬೇಕು, ಹೊರಡುವ 2 ನಿಮಿಷ ಮೊದಲೇ ಬಾಗಿಲು ಹಾಕುತ್ತಾರೆ, ತಪ್ಪಿದರೆ ದುಡ್ಡೂ ಹೋಗಬಹುದು. ಅಂಥ ರೈಲು ಮುಂದಿದ್ದರೆ ಊರು ನೋಡುವ ಬದಲು ಗಡಿಯಾರ ನೋಡುತ್ತಾ ಕೂರುತ್ತೀರಿ. ಸ್ಟ್ರಾಸ್‌ಬರ್ಗ್‌ನಿಂದ ಬಾಸೆಲ್‌ಗೆ ಹೋಗುವುದು ಟಿಇಆರ್, ಅಂದರೆ ಪ್ರಾಂತ್ಯದ ರೈಲು. ಸೀಟು ನಂಬರ್ ಇಲ್ಲ, ರಿಸರ್ವೇಶನ್ ಇಲ್ಲ. ಒಂದು ಬಿಟ್ಟರೆ ಮುಂದಿನದು. ಒಂದೂಕಾಲು ಗಂಟೆಯ ಆಸುಪಾಸಿನ ದಾರಿ. ಮಂಡಿ ನೋವಿನವರನ್ನು ಓಡಿಸುವ ಪ್ರಸಂಗವೇ ಬರುವುದಿಲ್ಲ.

ಅಂದಮೇಲೆ ಟಿಜಿವಿ ತಲೆಬಿಸಿ ಎಲ್ಲ ಭಾನುವಾರ ಬೆಳಿಗ್ಗೆಯೇ ಮುಗಿಯುತ್ತದೆ. ಒಂದು ಎಚ್ಚರಿಕೆ: ಸ್ಟ್ರಾಸ್‌ಬರ್ಗ್ ಗಾಡಿಗಳು ಗಾರ್ ದ ಲೆಸ್ಟ್‌ನಿಂದ ಹೊರಡುತ್ತವೆ, ಗಾರ್ ದ ಲಿಯೋನ್‌ನಿಂದ ಅಲ್ಲ. ಟ್ಯಾಕ್ಸಿಯವನಿಗೆ ಹೆಸರು ಬರೆದು ತೋರಿಸಿ. 2007ರಲ್ಲಿ ಹೊಸ ಹಳಿ ಬಂತು, 2016ರಲ್ಲಿ ಉಳಿದ ಭಾಗವೂ ಸೇರಿತು. ಈಗ ವೇಗದ ಗಾಡಿ ಎರಡು ಗಂಟೆಯೊಳಗೇ ಮುಟ್ಟಿಸುತ್ತದೆ. ಸೂಟ್‌ಕೇಸ್‌ಗಳ ಮೇಲೆ ಹೆಸರಿನ ಚೀಟಿ ಕಟ್ಟಿರಬೇಕು, ಅದು ಅಲ್ಲಿನ ನಿಯಮ.

ಹೋಟೆಲನ್ನು ಸ್ಟೇಷನ್ ಎದುರಿಗೇ ಹಿಡಿಯಿರಿ. ಹಳೇ ಊರಿನೊಳಗೆ ರೂಮು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕಲ್ಲು ಹಾಸಿದ ಬೀದಿಯಲ್ಲಿ ನಾಲ್ಕು ಸೂಟ್‌ಕೇಸ್ ಎಳೆಯುವವರು ಯಾರು? ಬೆಳಿಗ್ಗೆ ಬೇಗ ತಲುಪಿದರೂ ಸಾಮಾನು ಇಟ್ಟುಕೊಳ್ಳುತ್ತಾರೆ, ಮಾರನೇ ದಿನ ರೂಮು ಬಿಟ್ಟ ಮೇಲೂ ಇಟ್ಟುಕೊಳ್ಳುತ್ತಾರೆ. ಬುಕ್ ಮಾಡುವಾಗಲೇ ಕೇಳಿಬಿಡಿ.

ಕೋಲ್ಮಾರ್ ಪುಟ್ಟ ಊರು, ಚಂದದ ಊರು. ಆದರೆ ಸ್ಟೇಷನ್‌ನಿಂದ ಹಳೇ ಊರಿಗೆ ಕಾಲು ಗಂಟೆಯಾದರೂ ನಡೆಯಬೇಕು. ನಿಮ್ಮ ಮಾವನಿಗೆ ಬೇಡ.

ಬ್ಯಾಗ್‌ಹೊತ್ತವಳು:
ವೀಸಾ ವಿಷಯ ನಮಗೆ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್! ಹಾಗಾದರೆ ಸ್ಟ್ರಾಸ್‌ಬರ್ಗ್. ಭಾನುವಾರ ಅಲ್ಲಿ ಎಲ್ಲ ಮುಚ್ಚಿರುತ್ತದೆ ಅಂತಾರಲ್ಲ? ನಡೆಯದೆ ಏನು ನೋಡಬಹುದು? ಅತ್ತೆಗೆ ಊಟ ಸಿಗುತ್ತದಾ?

ತುಪ್ಪದನ್ನ:
ಊಟದ್ದು ನಾನು ಹೇಳುತ್ತೇನೆ. ಅಲ್ಲಿನ ಹೆಸರಾಂತ ತಿಂಡಿ ಟಾರ್ಟ್ ಫ್ಲಾಂಬೆ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಕೆನೆ, ಈರುಳ್ಳಿ, ಹಂದಿ ಮಾಂಸದ ಚೂರು ಹಾಕಿ ಸುಡುತ್ತಾರೆ. "ಸಾನ್ ಲಾರ್ದೋ" ಅಂದರೆ ಮಾಂಸ ಬಿಟ್ಟು ಮಾಡಿಕೊಡುತ್ತಾರೆ. ಅಣಬೆ ಹಾಕಿದ್ದನ್ನು ನೋಡಿ ಸಸ್ಯಾಹಾರ ಅಂದುಕೊಳ್ಳಬೇಡಿ, ಅದರಲ್ಲೂ ಮಾಂಸ ಇರುತ್ತದೆ. ಕೆನೆಗೆ ಕೆಲವರು ಮೊಟ್ಟೆ ಸೇರಿಸುತ್ತಾರೆ, ಕೇಳಿಯೇ ತರಿಸಿ. ಷ್ಪೆಟ್ಸ್‌ಲೆ ಅನ್ನುವ ಪಾಸ್ತಾದಲ್ಲಿ ಮೊಟ್ಟೆ ಗ್ಯಾರಂಟಿ. ಕೂಗ್ಲೋಫ್ ಕೇಕಲ್ಲೂ ಅಷ್ಟೇ. ಈರುಳ್ಳಿ ಸೂಪು ಪಾಪದ್ದು ಅನ್ನಿಸುತ್ತದೆ, ಮಾಡುವುದು ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ ನೀರಲ್ಲಿ.

ಮಧ್ಯಾಹ್ನ 2ರ ಮೇಲೆ ಸುಮಾರು ಕಡೆ ಅಡಿಗೆಮನೆ ಮುಚ್ಚಿ, ಸಂಜೆ 7ರ ಹೊತ್ತಿಗೆ ತೆಗೆಯುತ್ತಾರೆ. ಭಾನುವಾರ ರಾತ್ರಿ ರಜೆ ಹಾಕುವವರೂ ಇದ್ದಾರೆ. ಸೂಪರ್ ಮಾರ್ಕೆಟ್ ನಂಬಿಕೊಳ್ಳಬೇಡಿ. ಅತ್ತೆಗೆ ಬೇಕಾದ ಹಣ್ಣು, ಮೊಸರು, ಬ್ರೆಡ್ ಪ್ಯಾರಿಸ್‌ನಲ್ಲೇ ಶನಿವಾರ ಕಟ್ಟಿಕೊಳ್ಳಿ.

ಕಿಟಕಿಪಕ್ಕ:
ಭಾನುವಾರ ಅಂಗಡಿ ಮುಚ್ಚುವುದು ಆ ಕಡೆ ಫ್ರಾನ್ಸ್‌ನ ಉಳಿದ ಭಾಗಕ್ಕಿಂತ ಬಿಗಿ. 1871ರಿಂದ 1918ರವರೆಗೆ ಅಲ್ಸಾಸ್, ಅಂದರೆ ಸ್ಟ್ರಾಸ್‌ಬರ್ಗ್ ಇರುವ ಸೀಮೆ, ಜರ್ಮನಿಯ ಕೈಲಿತ್ತು, ಆಗಿನ ಕೆಲವು ಕಾನೂನು ಇನ್ನೂ ನಡೆಯುತ್ತವೆ. ನಿಮಗೇನೂ ನಷ್ಟ ಇಲ್ಲ, ಶಾಪಿಂಗ್‌ಗೆ ಪ್ಯಾರಿಸ್ ಇದ್ದೇ ಇದೆಯಲ್ಲ.

ಮಾವನಿಗೆ ದೋಣಿ. ಪಲೇ ರೋಹಾನ್ ಅರಮನೆ ಹತ್ತಿರ ಹತ್ತಿಸಿಕೊಳ್ಳುತ್ತಾರೆ, ಸುತ್ತು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಪೆಟಿಟ್ ಫ್ರಾನ್ಸ್ ಅನ್ನುವ ಹಳೇ ಬಡಾವಣೆಯ ಮರದ ಚೌಕಟ್ಟಿನ ಮನೆಗಳ ನಡುವೆ ಹೋಗಿ, ಯೂರೋಪಿಯನ್ ಪಾರ್ಲಿಮೆಂಟ್‌ವರೆಗೂ ಕರೆದುಕೊಂಡು ಹೋಗುತ್ತದೆ. ದಾರಿಯಲ್ಲಿ ಗೇಟು ಹಾಕಿ ನೀರು ತುಂಬಿಸಿ ದೋಣಿಯನ್ನು ಮೇಲೆತ್ತುವ ಜಾಗ ಸಿಗುತ್ತದೆ. ಎಂಜಿನಿಯರಿಂಗ್ ಹುಚ್ಚಿದ್ದವರಿಗೆ ಅಷ್ಟೇ ಸಾಕು. ಸೀಟು ಮೊದಲೇ ಕಾದಿರಿಸಿ.

ಕೆಥೆಡ್ರಲ್‌ಗೆ ಟ್ರಾಮ್ ಹಿಡಿಯಿರಿ. ಎ, ಡಿ ಲೈನ್ ಸ್ಟೇಷನ್ ಕೆಳಗೇ ಇದೆ. ಲಾಂಗ್‌ಸ್ಟ್ರಾಸ್ ನಿಲ್ದಾಣದಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಟ್ರಾಮಿನ ನೆಲ ತಗ್ಗಲ್ಲಿದೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಕೆಥೆಡ್ರಲ್ 142 ಮೀಟರ್. 1647ರಿಂದ 1874ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ ಅದೇ. ಎರಡು ಗೋಪುರ ಬರಬೇಕಿತ್ತು, ಎದ್ದಿದ್ದು ಒಂದೇ. ನನಗೆ ಆ ಅರೆಬರೆ ರೂಪವೇ ಇಷ್ಟ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಮಧ್ಯಾಹ್ನದ ಮೇಲೆ ಹೋಗಿ. ಮೇಲಿನ ಕಟ್ಟೆಗೆ 332 ಮೆಟ್ಟಿಲು. ನೀವಿಬ್ಬರು ಹತ್ತಿ ಬನ್ನಿ, ಹಿರಿಯರು ಕೆಳಗೆ ಕಾಫಿ ಕುಡಿಯಲಿ.

ಒಳಗಿನ ಖಗೋಳ ಗಡಿಯಾರವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನ 12:30ಕ್ಕೆ ಏಸುವಿನ ಮುಂದೆ ಹನ್ನೆರಡು ಶಿಷ್ಯರ ಗೊಂಬೆಗಳು ಸಾಲಾಗಿ ಹೋಗುತ್ತವೆ, ಕೋಳಿ ಕೂಗುತ್ತದೆ. ಆ ಹೊತ್ತಿಗೆ ಒಳಗೆ ಬಿಡಲು ಬೇರೆ ಟಿಕೆಟ್. ಅದು ಮುಗಿಸಿ, ಉಂಡು, ಯಾವ ಟಿಇಆರ್ ಸಿಕ್ಕರೂ ಹತ್ತಿ. ಸಂಜೆಗೆ ಇಂಟರ್‌ಲಾಕೆನ್.

ಬ್ಯಾಗ್‌ಹೊತ್ತವಳು:
ಕೊನೆಯದೊಂದು. ಸ್ವಿಸ್ ಟ್ರಾವೆಲ್ ಪಾಸ್ ಸೋಮವಾರದಿಂದಲೇ ಶುರು ಮಾಡಬೇಕಾ?

ಕಿಟಕಿಪಕ್ಕ:
ಬೇಡ. ಸ್ವಿಟ್ಜರ್‌ಲೆಂಡ್‌ನ ರೈಲು, ಬಸ್ಸಿಗೆಲ್ಲ ನಡೆಯುವ ಆ ಪಾಸ್ 3, 4, 6, 8, 15 ದಿನಗಳ ಲೆಕ್ಕದಲ್ಲಿ ಬರುತ್ತದೆ, 5 ದಿನದ್ದು ಇಲ್ಲ. ಸೋಮವಾರ ಶುರು ಮಾಡಿದರೆ 6 ದಿನದ್ದು ಕೊಂಡು ಒಂದು ದಿನ ಸುಮ್ನೆ ಕಳೆಯಬೇಕು. ಮಂಗಳವಾರದಿಂದ 4 ದಿನದ್ದು ತೆಗೆದುಕೊಂಡರೆ ಶುಕ್ರವಾರ ಜ್ಯೂರಿಕ್ ವಿಮಾನ ನಿಲ್ದಾಣದವರೆಗೂ ನಡೆಯುತ್ತದೆ. ಸೋಮವಾರಕ್ಕೆ ಬಾಸೆಲ್‌ನಿಂದ ಮಾಮೂಲಿ ಟಿಕೆಟ್ ಸಾಕು, ಆ ದಿನದ ಯಾವ ರೈಲಿಗಾದರೂ ಆಗುತ್ತದೆ. ಸೂಪರ್‌ಸೇವರ್ ಅಂತ ಅಗ್ಗದ್ದು ಕಾಣಿಸುತ್ತದೆ, ಅದು ಒಂದೇ ರೈಲಿಗೆ ಕಟ್ಟಿಹಾಕುತ್ತದೆ, ಮುಟ್ಟಬೇಡಿ. ಯುಂಗ್‌ಫ್ರಾವ್‌ಯೋಖ್ ಅನ್ನುವ ಹಿಮದ ಬೆಟ್ಟಕ್ಕೆ ಹೋಗುವುದಾದರೆ ಪಾಸ್ ನಡೆಯುವುದು ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ. ಮೇಲಕ್ಕೆ ಬೇರೆ ಟಿಕೆಟ್, ಶೇ 25 ರಿಯಾಯಿತಿ ಇದೆ.

ಹಾಂ, ಫ್ರಾನ್ಸ್ ರೈಲುಗಳು ಬಾಸೆಲ್ ಎಸ್‌ಬಿಬಿ ಸ್ಟೇಷನ್‌ನ ಒಂದು ಪಕ್ಕದ ಪ್ಲಾಟ್‌ಫಾರಂಗೆ ಬರುತ್ತವೆ, ಅಲ್ಲಿಂದ ಕಸ್ಟಮ್ಸ್ ದಾಟಿ ಸ್ವಿಸ್ ಕಡೆಗೆ ನಡೆಯಬೇಕು. ಸಾಮಾನ್ಯವಾಗಿ ಯಾರೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಅಂತ ನಾಲ್ಕೂ ಪಾಸ್‌ಪೋರ್ಟ್ ನಿಮ್ಮ ಕೈಚೀಲದಲ್ಲೇ ಇರಲಿ, ಸೂಟ್‌ಕೇಸ್ ತಳದಲ್ಲಿ ಬೇಡ.