‘ಪವರ್ ಸಪ್ಲೈ’ ಅಂದರೆ ‘ವಿದ್ಯುತ್ ಪೂರೈಕೆ’ಯೇ?

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಡೆಸ್ಕ್‌ಟಾಪಿಗೆ ಹೆಚ್ಚು ಖರ್ಚಿಲ್ಲದೆ ಪವರ್ ಸಪ್ಲೈ ಆರಿಸುವುದು ಹೇಗೆ ಎಂಬ ಬಗ್ಗೆ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ನಾಲ್ಕು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನ ಒಂದು ವಾಕ್ಯ ಹೀಗಿದೆ:

“ಅತಿವೇಗಗೊಳಿಸಿದ ಗಣಕಕ್ಕೆ ಅಗ್ಗದ ವಿದ್ಯುತ್ ಪೂರೈಕೆ ಸಾಲದಿದ್ದರೆ ಹಳಿಯ ಏರಿಳಿತದಿಂದ ಯಂತ್ರ ಸ್ಥಗಿತಗೊಳ್ಳುತ್ತದೆ.”

ಓದಿದವರೊಬ್ಬರು “ಇದು ಹೆಸ್ಕಾಂ ವಿಷಯವೋ, ರೈಲ್ವೆ ವಿಷಯವೋ?” ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ಪವರ್ ಸಪ್ಲೈ, ಓವರ್‌ಕ್ಲಾಕ್, ರೈಲ್, ರಿಪಲ್ ಈ ನಾಲ್ಕಕ್ಕೂ ಓದುಗ ಎಡವದಂಥ ಶಬ್ದಗಳು ಬೇಕು. ‘ಅಗ್ಗದ’ ಎಂಬುದೂ ಯಾಕೋ ಹೊಂದುತ್ತಿಲ್ಲ.

ಹುಬ್ಬಳ್ಳಿಯಿಂದ:

ನಮಸ್ಕಾರ್ರಿ ಸರ. ಮೊದಲನೇ ಶಬ್ದಕ್ಕ ಹೊಸದು ಕಟ್ಟೋದೇ ಬ್ಯಾಡ. ಕಂಪ್ಯೂಟರಿನೊಳಗ ಕರೆಂಟ್ ಹಂಚೋ ಡಬ್ಬಿಗೆ ಅಂಗಡ್ಯಾಗ (ಸ್ವಿಚ್ ಮೋಡ್ ಪವರ್ ಸಪ್ಲೈ ಅನ್ನೋದನ್ನ ಚಿಕ್ಕದು ಮಾಡಿ) ಎಸ್‌ಎಂಪಿಎಸ್ ಅಂತಾರ. ಪವರ್ ಸಪ್ಲೈ ಕೇಳಿದ್ರೂ “ಎಸ್‌ಎಂಪಿಎಸ್ ಏನ್ರಿ? ಎಷ್ಟ್ ವಾಟಿಂದು?” ಅಂತ ತಿರುಗಿ ಕೇಳ್ತಾರ. ‘ವಿದ್ಯುತ್ ಪೂರೈಕೆ’ ಅಂದ್ರ ಕಂಬದಿಂದ ಮನಿಗೆ ಬರೋದು. ಈ ಡಬ್ಬಿ ಮಾಡೋದು ಮಾರ್ಪಾಟು: 230 ವೋಲ್ಟಿನ ಎಸಿ ತಗೊಂಡು 12, 5, 3.3 ವೋಲ್ಟಿನ ಡಿಸಿ ಕೊಡ್ತೈತಿ.

ಇನ್ನ ‘ವಾಟ್’ ಅನ್ನೋದರಾಗ ಒಂದು ಮೋಸ ಐತಿ, ಕೈಪಿಡಿಯೊಳಗ ಅದನ್ನ ಬಿಡಿಸಿ ಹೇಳ್ರಿ. ಡಬ್ಬಿ ಮ್ಯಾಲೆ ದಪ್ಪ ಅಕ್ಷರದಾಗ 450 ಅಂತ ಇರ್ತೈತಿ. ಅದನ್ನ ಬಿಟ್ಟು ಬಾಜೂದಾಗ ಅಂಟಿಸಿದ ಸ್ಟಿಕ್ಕರ್ ನೋಡ್ರಿ. ಅದರಾಗ ಒಂದು ಸಣ್ಣ ಕೋಷ್ಟಕ. 12 ವೋಲ್ಟಿನ ಕೆಳಗ ಆಂಪ್ ಬರೆದಿರ್ತಾರ. 36 ಆಂಪ್ ಇದ್ರ 12 × 36 = 432 ವಾಟ್, ಡಬ್ಬಿ ಮಾತಿಗೂ ಇದಕ್ಕೂ ತಾಳೆ ಆತು. 16 ಆಂಪ್ ಇದ್ರ 192 ವಾಟ್ ಅಷ್ಟ. ಉಳಿದದ್ದು 5 ಮತ್ತು 3.3ರ ಲೈನಿಗೆ ಹಂಚಿ ಲೆಕ್ಕ ತುಂಬಿಸಿದ್ದು, ಇವತ್ತಿನ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಅದು ಉಪಯೋಗಕ್ಕಿಲ್ಲ. ಎರಡೂ 12ರಿಂದನ ಉಣ್ತಾವು. ಕೆಲವು ಸ್ಟಿಕ್ಕರಿನಾಗ 12ರ ಲೈನ್ ಎರಡು ಇರ್ತಾವು. ಅವೆರಡರ ಆಂಪ್ ಕೂಡಿಸಬಾರದು. ಎರಡೂ ಸೇರಿ ಗರಿಷ್ಠ ಎಷ್ಟು ವಾಟ್ ಅಂತ ಕೆಳಗ ಬೇರೆ ಬರೆದಿರ್ತಾರ, ಅದ ಖರೆ. ಅದಕ್ಕ ‘ಡಬ್ಬಿ ವಾಟ್’, ‘12ರ ವಾಟ್’ ಅಂತ ಎರಡು ಮಾತು ಇಟ್ಕೊಳ್ರಿ.

ಅಂದಂಗ ಒಂದೊಂದು ವೋಲ್ಟೇಜ್ ಹೊರಗ ಬರೋ ದಾರಿಗೆ ‘ರೈಲ್’ ಅಂತಾರಲ್ಲ, ಅದಕ್ಕ ರಿಪೇರಿಯವ್ರ ಮಾತು ‘ಲೈನ್’. ಹಳಿ ಸ್ಟೇಷನ್ನಿನಾಗ ಇರಲಿ.

ಓವರ್‌ಕ್ಲಾಕ್‌ಗೆ ‘ಅತಿವೇಗ’ ಅಂದ್ರ ರಸ್ತೆ ಬದಿ ಬೋರ್ಡು ನೆನಪಾಗ್ತೈತಿ. ‘ವೇಗವರ್ಧಕ’ ರಸಾಯನಶಾಸ್ತ್ರದವ್ರು ಒಯ್ದಾರ. ಇಲ್ಲಿ ಕ್ಲಾಕ್ ಅಂದ್ರ ಗಡಿಯಾರ ಅಲ್ಲ, ಬಡಿತ. ಹಿಂದೂಸ್ತಾನಿ ಕೇಳೋ ಧಾರವಾಡದವ್ರಿಗೆ ‘ಲಯ’ ಅಂದ್ರ ಸಾಕು. ಓವರ್‌ಕ್ಲಾಕ್ ಅಂದ್ರ ಲಯ ಏರಿಸೋದು. ವೋಲ್ಟೇಜ್ ಹದ ತಪ್ಪಿದ್ರ ಲಯಕ್ಕ ಇನ್ನೊಂದು ಅರ್ಥನೂ ಬರ್ತೈತಿ, ಅದೂ ಇರಲಿ.

ಲಯ ಏರಿಸಿದ್ರ ಕರೆಂಟ್ ಯಾಕ ಇಷ್ಟು ಜಾಸ್ತಿ ತಿಂತೈತಿ ಅನ್ನೋದಕ್ಕ ಒಂದು ಲೆಕ್ಕ ಹಾಕ್ರಿ. ಪ್ರೊಸೆಸರ್ ತಗೊಳ್ಳೋ ವಾಟ್ ಲಯದ ಪ್ರಮಾಣದಾಗ ಏರ್ತೈತಿ, ಆದ್ರ ವೋಲ್ಟೇಜಿನ ವರ್ಗದ ಪ್ರಮಾಣದಾಗನೂ ಏರ್ತೈತಿ. 4.2 ಗಿಗಾಹರ್ಟ್ಸ್, 1.20 ವೋಲ್ಟಿಗೆ 125 ವಾಟ್ ತಗೊಳ್ಳೋದನ್ನ 4.7ಕ್ಕ ಏರಿಸಿ, ಅದು ನಿಲ್ಲಲಿ ಅಂತ 1.35 ವೋಲ್ಟ್ ಕೊಟ್ರ, ಲಯ ಏರಿದ್ದು ನೂರಕ್ಕ 12, ವಾಟ್ ಏರಿದ್ದು ನೂರಕ್ಕ 42ರ ಹತ್ರ. ಅಂದ್ರ 177 ವಾಟ್. ಮದರ್‌ಬೋರ್ಡ್ 12 ವೋಲ್ಟನ್ನ ಇಳಿಸಿ ಕೊಡೋವಾಗ ಸೋರೋದು ಸೇರಿ 195 ಅಂತ ಹಿಡೀರಿ. 200 ವಾಟಿನ ಗ್ರಾಫಿಕ್ಸ್ ಕಾರ್ಡಿಗೂ ಲಯ ಏರಿಸಿದ್ರ 220. ಬೋರ್ಡು, ರ್‍ಯಾಮ್, ಡಿಸ್ಕು, ಫ್ಯಾನು ಸೇರಿ 50. ಒಟ್ಟು 465.

ಹಂಗಂತ 500ರ ಡಬ್ಬಿ ತರಬಾರದು. ಗ್ರಾಫಿಕ್ಸ್ ಕಾರ್ಡು ಕಣ್ಣು ಮಿಟುಕಿಸೋದರೊಳಗ ಸರಾಸರಿಗಿಂತ ಎಷ್ಟೋ ಮ್ಯಾಲೆ ಹಾರಿ ಬರ್ತೈತಿ. 650ರದು ತರ್ರಿ, 12ರ ಲೈನಿನಾಗ 50 ಆಂಪ್ ಇರಲಿ. ಇದಕ್ಕ ‘ಹೆಡ್‌ರೂಮ್’ ಅಂತಾರಲ್ಲ, ಬ್ಯಾಡಗಿ ಮೆಣಸಿನಕಾಯಿ ಚೀಲ ತುಂಬೋರಿಗೆ ಅದು ಗೊತ್ತು: ಬಾಯಿ ಕಟ್ಟಾಕ ಬಿಡೋ ಜಾಗ.

ರಿಪಲ್‌ಗೆ ‘ಏರಿಳಿತ’ ಬಳಸಿದ್ರ ಮೂರು ಬ್ಯಾರೆ ಬ್ಯಾರೆ ರೋಗಕ್ಕ ಒಂದ ಹೆಸರಿಟ್ಟಂಗ. ಹೊರಗಿನ 230 ಹೆಚ್ಚು-ಕಡಿಮಿ ಆಗೋದು ಏರಿಳಿತ. ಹೊರೆ ಬಿದ್ದಾಗ 12ರ ಲೈನ್ ಜಗ್ಗೋದು ‘ಕುಸಿತ’. ನೂರಕ್ಕ 5ರ ಮಿತಿ, ಅಂದ್ರ 11.4ಕ್ಕಿಂತ ಕೆಳಗ ಹೋಗಬಾರದು. ಇದನ್ನ ಮಲ್ಟಿಮೀಟರಿನಾಗ ಹಿಡೀಬಹುದು: ಡಿಸ್ಕಿನ ನಾಲ್ಕು ಪಿನ್ನಿನ ಕನೆಕ್ಟರಿಗೆ ಹಳದಿ ತಂತಿ ಕಡೆ ಕೆಂಪು ಪ್ರೋಬ್, ಕರಿ ತಂತಿ ಕಡೆ ಕರಿ ಪ್ರೋಬ್ ಇಟ್ಟು, ಮೊದಲು ಸುಮ್ಮನಿದ್ದಾಗ ಓದ್ರಿ, ಆಮ್ಯಾಲೆ ಪ್ರೊಸೆಸರಿಗೂ ಕಾರ್ಡಿಗೂ ಒಟ್ಟಿಗೆ ಹೊರೆ ಹಾಕಿ ಹತ್ತು ನಿಮಿಷ ನೋಡ್ರಿ. 12.1 ಇದ್ದದ್ದು 11.5ಕ್ಕ ಬಂದ್ರ ಡಬ್ಬಿ ಬದಲಿ ಮಾಡೋ ಹೊತ್ತು ಬಂತು.

ಮೂರನೇದ್ದು ಖರೆ ರಿಪಲ್, ಡಿಸಿ ಮ್ಯಾಲೆ ಉಳಿದಿರೋ ಸಣ್ಣ ಅಲೆ. 12ರ ಲೈನಿಗೆ 120 ಮಿಲಿವೋಲ್ಟ್, 5 ಮತ್ತು 3.3ಕ್ಕ 50 ಮಿಲಿವೋಲ್ಟ್ ಮಿತಿ. ಮಲ್ಟಿಮೀಟರಿನ ಡಿಸಿ ಓದಿನಾಗ ಇದು ಕಾಣಂಗಿಲ್ಲ, ಆಸಿಲೋಸ್ಕೋಪ್ ಬೇಕು. ‘ಕಿರುತೆರೆ’ ಅನ್ನೋಣ ಅಂದ್ರ ಟಿವಿಯವ್ರು ಬಿಡಂಗಿಲ್ಲ. ನನಗ ‘ನಿರಿಗೆ’ ಹಿಡಿಸ್ತು. ಸ್ಕೋಪಿನಾಗ ನೋಡಿದ್ರ ಸೀರಿ ನಿರಿಗಿಯಂಗ ಒಂದ ಸಮ ಮಡಿಕೆ ಕಾಣ್ತಾವು.

‘ಸ್ಥಗಿತ’ ಅನ್ನೋದನ್ನೂ ಒಡೀರಿ. ಹೊರೆ ಹಾಕಿದ ಕ್ಷಣ ಫಟ್ ಅಂತ ಬಂದ್ ಬಿದ್ರ ಎಸ್‌ಎಂಪಿಎಸ್ಸಿನ ಕಾವಲು ಕೆಲಸ ಮಾಡೈತಿ, ಆಂಪ್ ಸಾಲಲಿಲ್ಲ ಅಂತ ಅರ್ಥ. ತಾನಾ ರೀಸ್ಟಾರ್ಟ್ ಆದ್ರ ಲೈನ್ ಕುಸಿದಿರಬಹುದು. ಹ್ಯಾಂಗ್ ಆದ್ರ, ನೀಲಿ ಪರದೆ ಬಂದ್ರ, ಡಬ್ಬಿಗೆ ಬೈಯೋಕ್ಕಿಂತ ಮೊದಲು ಲಯ ಒಂದು ಹಂತ ಇಳಿಸಿ ನೋಡ್ರಿ. ಬಹುತೇಕ ಪ್ರೊಸೆಸರಿನ ವೋಲ್ಟೇಜ್ ಸಾಲದೇ ಆಗೋದು ಅದು.

ಗದಗದಿಂದ:

ಹುಬ್ಬಳ್ಳಿಯವರು ಬಿಟ್ಟ ‘ದಕ್ಷತೆ’ಯ ಬಗ್ಗೆ ಒಂದು ಮಾತು. ‘80 ಪ್ಲಸ್’ ಎಂಬುದು ದಕ್ಷತೆ ನೂರಕ್ಕೆ 80 ಅಥವಾ ಹೆಚ್ಚು ಎಂದು ಹೇಳುವ ಮುದ್ರೆ. “600 ವಾಟ್, 80 ಪ್ಲಸ್, ಅಂದರೆ ಸಿಗುವುದು 480” ಎಂದು ಲೆಕ್ಕ ಹಾಕುವವರು ಬಹಳ. ಲೆಕ್ಕ ತಿರುಗುಮುರುಗಾಗಿದೆ. 600 ಎಂಬುದು ಡಬ್ಬಿ ಹೊರಗೆ ಕೊಡುವುದು. ನಷ್ಟ ಗೋಡೆಯ ಕಡೆ ಬೀಳುತ್ತದೆ. ಒಳಗೆ 400 ವಾಟ್ ಬೇಕಾದರೆ, ದಕ್ಷತೆ ನೂರಕ್ಕೆ 85 ಇದ್ದಾಗ ಸಾಕೆಟ್ಟಿನಿಂದ 470 ಎಳೆದು, 70ನ್ನು ಶಾಖವಾಗಿ ಬಿಡುತ್ತದೆ. ಬ್ರಾಂಜ್, ಗೋಲ್ಡ್ ಎಂಬ ಮುದ್ರೆಗಳು ಹೇಳುವುದು ಇದನ್ನೇ. ನಿರಿಗೆಯ ಬಗ್ಗೆ, ಬಾಳಿಕೆಯ ಬಗ್ಗೆ ಅವು ಏನೂ ಹೇಳುವುದಿಲ್ಲ.

ಯುಪಿಎಸ್ ಲೆಕ್ಕಕ್ಕೂ ಗೋಡೆಯಿಂದ ಎಳೆಯುವ 470ನ್ನೇ ಹಿಡಿಯಬೇಕು. ಮನೆಗಳಲ್ಲಿರುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಸಾಮಾನ್ಯವಾಗಿ 360 ವಾಟಿನದು. ಕರೆಂಟ್ ಹೋದ ಕೂಡಲೇ ಅದೂ ಕುಂಯ್ ಅಂದು ಮಲಗುತ್ತದೆ. ವಿಎ ಬೇರೆ, ವಾಟ್ ಬೇರೆ ಎಂದು ದಪ್ಪಕ್ಷರದಲ್ಲಿ ಹಾಕಿ.

ಕೈಪಿಡಿಯಲ್ಲಿ ‘ಅರ್ಥಿಂಗ್’ ಸೇರಿಸಿ. ‘ಅರ್ಥ್ ಇಲ್ಲದ ಸಾಕೆಟ್’ ಎಂದು ಬರೆಯುವಾಗ ಅಚ್ಚಿನವರು ಅರೆಯಕ್ಷರ ನುಂಗಿದರೆ ಅದು ಅರ್ಥವಿಲ್ಲದ ಸಾಕೆಟ್ ಆದೀತು, ‘ಭೂಸಂಪರ್ಕ’ವೇ ಕ್ಷೇಮ. ಅದಿಲ್ಲದ ಕಡೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ, ಜನ ಒಳ್ಳೆಯ ಎಸ್‌ಎಂಪಿಎಸ್ಸನ್ನೇ ವಾಪಸ್ ಮಾಡುತ್ತಾರೆ. ಒಳಬರುವ ಎರಡು ತಂತಿಗಳಿಂದ ತಗಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಜೋಡಿಸಿರುತ್ತದೆ. ನೆಲದ ದಾರಿ ಇಲ್ಲದಿದ್ದರೆ 230ರ ಅರ್ಧ ತಗಡಿನ ಮೇಲೆ ನಿಲ್ಲುತ್ತದೆ. ಸರಿಪಡಿಸಬೇಕಾದ್ದು ಸಾಕೆಟ್ಟನ್ನು. ಮತ್ತೊಂದು, ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

‘ಅಗ್ಗ’ದ ವಿಚಾರ. ನಮ್ಮ ಕಡೆ ‘ಸೋವಿ’, ‘ತುಟ್ಟಿ’ ಎರಡೂ ಬರೀ ದರ ಹೇಳುತ್ತವೆ. ನಿಮಗೆ ಬೇಕಾದ್ದು “ಕೊಟ್ಟ ರೊಕ್ಕಕ್ಕ ಬಾಳ್ತೈತಿ” ಅನ್ನುವಲ್ಲಿಯ ‘ಬಾಳು’. ಬೆಲೆಬಾಳುವುದೂ ಅದೇ, ಬಾಳಿಕೆ ಬರುವುದೂ ಅದೇ. ರೊಕ್ಕ ಉಳಿಸಲು ಬಿಚ್ಚಿಡುವ ಕೇಬಲ್, ಬಣ್ಣದ ದೀಪ, ಗೋಲ್ಡ್ ಮುದ್ರೆ ಬಿಡಬಹುದು. 12ರ ಆಂಪ್, 105 ಡಿಗ್ರಿ ಶಾಖದವರೆಗೆ ತಾಳುವ ಕೆಪಾಸಿಟರ್, ಹೆಚ್ಚು ಹೊರೆಗೂ ಹೆಚ್ಚು ಶಾಖಕ್ಕೂ ತಾನೇ ಬಂದ್ ಆಗುವ ಕಾವಲು, ಗ್ಯಾರಂಟಿ ಇವನ್ನು ಬಿಡಬಾರದು. ಕೆಪಾಸಿಟರಿನ ಆಯುಷ್ಯ 10 ಡಿಗ್ರಿ ಶಾಖ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ 85 ಡಿಗ್ರಿಯದು ಬಾಳುವುದಿಲ್ಲ.

ಧಾರವಾಡದಿಂದ:

ಇಬ್ಬರಿಗೂ ಋಣಿ. ವಾಕ್ಯ ಈಗ ಹೀಗೆ:

“ಲಯ ಏರಿಸಿದ ಕಂಪ್ಯೂಟರಿಗೆ ಎಸ್‌ಎಂಪಿಎಸ್ಸಿನ 12ರ ವಾಟ್ ಸಾಲದಿದ್ದರೆ, ಹೊರೆ ಬಿದ್ದಾಗ ಲೈನ್ ಕುಸಿದು ಯಂತ್ರ ರೀಸ್ಟಾರ್ಟ್ ಆಗುತ್ತದೆ ಅಥವಾ ಬಂದ್ ಬೀಳುತ್ತದೆ.”

‘ನಿರಿಗೆ’ ಮೊದಲ ಸಲ ಬರುವಲ್ಲಿ ‘ರಿಪಲ್ ಎಂಬ ನಿರಿಗೆ’ ಎಂದಿರುತ್ತದೆ, ಮುಂದೆ ಬರೀ ನಿರಿಗೆ. ‘ಬಾಯಿ ಕಟ್ಟಲು ಬಿಡುವ ಜಾಗ’ ಕೋಷ್ಟಕದ ತಲೆಬರಹಕ್ಕೆ ಉದ್ದವಾಯಿತು. ಹಾವೇರಿ ಕಡೆ ಚೀಲ ಹೊಲಿಯುವವರು ಅದಕ್ಕೆ ಒಂದೇ ಶಬ್ದ ಬಳಸುತ್ತಿದ್ದರೆ ತಿಳಿಸಿ.